ತಾಡಪತ್ರಿ ಹೊದ್ದು ಕೂತಿದ್ದ ರೊಟ್ಟಿ ಮಷಿನ್: ಕಲಬುರಗಿ ಜಿಲ್ಲೆಯ ಒಂದು ಪ್ರಕರಣ

ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯ ಮಹಿಳಾ ಸಂಘಕ್ಕೆ ಜೋಳದ ರೊಟ್ಟಿ ಮಾಡುವ ಮಷಿನ್ ಬಂತು. ಬಂದ ಮೊದಲ ವರ್ಷದ ಹೆಚ್ಚಿನ ಭಾಗ ಅದು ತಾಡಪತ್ರಿ ಹೊದ್ದು ಶೆಡ್ಡಿನಲ್ಲೇ ಕೂತಿತ್ತು. ಆಮೇಲೆ ನಡೆಯಿತು, ಈಗಲೂ ನಡೆಯುತ್ತಿದೆ. ಆದರೆ ಅದನ್ನು ತಂದವರು ಎಣಿಸಿದ ಹಾಗೆ ಅಲ್ಲ. ನಡುವೆ ಏನಾಯಿತು ಅನ್ನುವುದು ಇಂಥ ಘಟಕ ನಡೆಸುವವರಿಗೆ, ನಡೆಸಬೇಕು ಅಂದುಕೊಂಡವರಿಗೆ ಉಪಯೋಗ ಆಗಬಹುದು ಎಂದು ಬರೆಯುತ್ತಿದ್ದೇನೆ.

ಊರು, ಸಂಘ, ಜನ ಯಾರ ಹೆಸರೂ ಇಲ್ಲಿಲ್ಲ. ಗುರುತು ಸಿಗಬಹುದಾದ ಸಣ್ಣಪುಟ್ಟ ವಿವರಗಳನ್ನು ಬದಲಾಯಿಸಿದ್ದೇನೆ. ನಾನು ಅಲ್ಲಿಗೆ ಲೆಕ್ಕಪತ್ರ ಮತ್ತು ಮಾರಾಟದ ವಿಷಯದಲ್ಲಿ ನೆರವಾಗಲು ಹೋಗುತ್ತಿದ್ದೆ. ಮಷಿನ್ ಕೊಳ್ಳುವ ತೀರ್ಮಾನ ನಾನು ಹೋಗುವ ಮೊದಲೇ ಆಗಿತ್ತು.

ಮಷಿನ್ ಬರುವ ಮೊದಲು

ನಮ್ಮ ಕಡೆ ರೊಟ್ಟಿ ಅಂದರೆ ಜೋಳದ ರೊಟ್ಟಿ. ಹಿಂಗಾರಿ ಬಿಳಿ ಜೋಳ, ಅದರಲ್ಲೂ ಮಾಲದಂಡಿ ಸಿಕ್ಕರೆ ಹೆಂಗಸರ ಮುಖವೇ ಅರಳುತ್ತದೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿ ಇಲ್ಲ. ತಣ್ಣೀರಲ್ಲಿ ಕಲಸಿದರೆ ಹಿಟ್ಟು ಒಂದಕ್ಕೊಂದು ಹಿಡಿಯುವುದಿಲ್ಲ. ಅದಕ್ಕೇ ಎಸರು ಇಡುತ್ತಾರೆ. ಕುದಿಯುವ ನೀರು ಬಿದ್ದಾಗ ಹಿಟ್ಟಿನೊಳಗಿನ ಪಿಷ್ಟ ಬೆಂದು ಜಿಗಿ ಬರುತ್ತದೆ. ಬಿಸಿ ಆರುವುದರೊಳಗೆ ನಾದಿ, ಬಡಿದು, ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ತಿರುವಿ ಹಾಕಬೇಕು. ಹಿಟ್ಟು ಬೀಸಿ ಬಹಳ ದಿನ ಆಗಿದ್ದರೂ ಜಿಗಿ ಹೋಗುತ್ತದೆ, ಅಂಚು ಒಡೆಯುತ್ತದೆ. ಇಷ್ಟನ್ನೂ ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ಹುಡುಗಿಯರು ಪಕ್ಕದಲ್ಲಿ ಕೂತು ನೋಡಿ ಕಲಿಯುತ್ತಾರೆ.

ಸಂಘದಲ್ಲಿ 12 ಜನ. ಕೆಲವು ವರ್ಷಗಳಿಂದ ಮನೆಯಲ್ಲೇ ರೊಟ್ಟಿ ಬಡಿದು, ಒಣಗಿಸಿ ಖಡಕ್ ಮಾಡಿ, ಕಲಬುರಗಿ ನಗರದ ಖಾನಾವಳಿಗಳಿಗೆ ಕೊಡುತ್ತಿದ್ದರು. ಬೆಂಗಳೂರು, ಪುಣೆಯಲ್ಲಿ ನೌಕರಿಯಲ್ಲಿರುವ ಊರಿನ ಮಕ್ಕಳೂ ತರಿಸಿಕೊಳ್ಳುತ್ತಿದ್ದರು. ಮದುವೆ ಸುಗ್ಗಿಯಲ್ಲಿ ಬೇಡಿಕೆ ಕೈ ಮೀರುತ್ತಿತ್ತು. ರಟ್ಟೆ ನೋವು, ಬೆನ್ನು ನೋವು, ಹೊಗೆಗೆ ಕಣ್ಣುರಿ ಎಲ್ಲರಿಗೂ ಇದ್ದದ್ದೇ.

2020ರಲ್ಲಿ ಕೇಂದ್ರ ಸರ್ಕಾರ ಸಣ್ಣ ಆಹಾರ ಘಟಕಗಳಿಗಾಗಿ ಪಿಎಂಎಫ್‌ಎಂಇ ಯೋಜನೆ ತಂದಿತು. ಅದರಲ್ಲಿ ಯಂತ್ರದ ಬಂಡವಾಳಕ್ಕೆ 35% ಸಹಾಯಧನ ಇತ್ತು. ಸ್ವಸಹಾಯ ಸಂಘದ ಸದಸ್ಯೆಯರಿಗೆ ತಲಾ 40,000 ರೂಪಾಯಿವರೆಗೆ ಬೀಜಧನವೂ ಇತ್ತು. ಸಂಘದ ಮೇಲಿನ ಒಕ್ಕೂಟದವರು ಇದನ್ನು ತಿಳಿದು ಅರ್ಜಿ ಹಾಕಿಸಿದರು. ಉಳಿದದ್ದು ಬ್ಯಾಂಕ್ ಸಾಲ. ಊರ ಹೊರಗಿನ ಒಂದು ಶೆಡ್ಡಿಗೆ ಮಷಿನ್ ಬಂದಿಳಿಯಿತು. ಹಿಟ್ಟು ಕಲಸುವ ಡ್ರಮ್ಮು, ಉರುಳೆಯಲ್ಲಿ ಹಾಳೆ ಮಾಡಿ ಗುಂಡಗೆ ಕತ್ತರಿಸುವ ಭಾಗ, ಗ್ಯಾಸ್ ಬರ್ನರ್ ಮೇಲೆ ಸಾಗುವ ಪಟ್ಟಿ. ತೆಂಗಿನಕಾಯಿ ಒಡೆದರು, ಫೋಟೊ ತೆಗೆದರು.

ಎಲ್ಲಿ ಕೈಕೊಟ್ಟಿತು

ಮಷಿನ್ ಕೂಡಿಸಲು ಬಂದ ಮೆಕ್ಯಾನಿಕ್ಕೇ ತರಬೇತಿಯನ್ನೂ ಕೊಟ್ಟ. ಅವನು ತೋರಿಸಿದಂತೆ ಡ್ರಮ್ಮು ತುಂಬ ಹಿಟ್ಟು ಕಲಸಿದರು. ಮೊದಲ ರೊಟ್ಟಿಗಳು ಚೆನ್ನಾಗಿಯೇ ಬಂದವು. ಆಮೇಲೆ ಅಂಚು ಒಡೆಯತೊಡಗಿತು, ಹಾಳೆ ಹರಿಯಿತು. ಅವನು ಹೇಳಿದ್ದು: "ಸ್ವಲ್ಪ ಗೋಧಿ ಹಿಟ್ಟು ಹಾಕ್ರಿ, ಎಲ್ಲಾ ಕಡಿ ಹಂಗೇ ಮಾಡ್ತಾರ." ಸಂಘದ ಹಿರಿಯಕ್ಕ ಎದ್ದು ನಿಂತರು. "ಗೋಧಿ ಹಾಕಿದ್ರ ಅದು ರೊಟ್ಟಿ ಹ್ಯಾಂಗಾಗ್ತದೋ ತಮ್ಮಾ? ಸಕ್ಕರಿ ಕಾಯಿಲಿ ಇದ್ದವರು ನಂಬಿ ಒಯ್ತಾರ." ಆದರೂ ಒಂದು ಸಲ ಹಾಕಿ ನೋಡಿದರು. ಆ ಕಟ್ಟುಗಳನ್ನು ಖಾನಾವಳಿಯವರು ವಾಪಸ್ ಕಳಿಸಿದರು.

ಅದಾದ ಮೇಲೆ ತಾಡಪತ್ರಿ ಬಿತ್ತು. ಕೇಳಿದವರಿಗೆಲ್ಲ ಒಂದೊಂದು ಉತ್ತರ ಸಿಗುತ್ತಿತ್ತು. ಕರೆಂಟ್ ಇರಲ್ಲ. ಶೆಡ್ಡು ದೂರ, ಮಕ್ಕಳನ್ನು ಬಿಟ್ಟು ಬರೋಕಾಗಲ್ಲ. ತೊಗರಿ ರಾಶಿ ಹೊತ್ತಿಗೆ ಹಗಲೆಲ್ಲ ಹೊಲದಲ್ಲೇ ಇರ್ತೀವಿ, ರೊಟ್ಟಿ ಆದರೆ ಬೆಳಗಿನ ಜಾವ ಮನೆಯಲ್ಲೇ ಬಡಿಯಬಹುದು. ಇವೆಲ್ಲ ನಿಜವೇ. ಇಷ್ಟೇ ಅಲ್ಲ ಅನ್ನುವುದೂ ನಿಜ.

ಮೇಲಿನವರ ಬಾಯಲ್ಲಿ ಮಾತ್ರ ಒಂದೇ ಮಾತು. ಈ ಕಡೆ ಮಂದಿ ಹಳೇ ಪದ್ಧತಿ ಬಿಡಲ್ಲ. ಈ ಮಾತನ್ನು ನಾನು ಒಪ್ಪುವುದಿಲ್ಲ. ಇದೇ ಊರಿನಲ್ಲಿ ಗಿರಣಿ ಬಂದಾಗ ಬೀಸುಕಲ್ಲನ್ನು ಬಿಟ್ಟವರು ಇದೇ ಹೆಂಗಸರ ತಾಯಂದಿರು. ಬೀಸುವ ಹಾಡುಗಳ ದೊಡ್ಡ ಸಂಪತ್ತೇ ಆ ಕಲ್ಲಿನ ಸುತ್ತ ಇತ್ತು. ಆದರೂ ಕಲ್ಲು ಮೂಲೆಗೆ ಹೋಯಿತು, ಯಾರೂ ತಡೆಯಲಿಲ್ಲ. 2016ರಲ್ಲಿ ಉಜ್ವಲಾ ಶುರುವಾದ ಮೇಲೆ ಗ್ಯಾಸ್ ಬಂತು. ಅದನ್ನೂ ತೆಗೆದುಕೊಂಡರು. ಚಹಾ, ಅನ್ನ, ಪಲ್ಯ ಗ್ಯಾಸಿನ ಮೇಲೆ. ರೊಟ್ಟಿ ಮಾತ್ರ ಬಹಳ ಮನೆಗಳಲ್ಲಿ ಇವತ್ತಿಗೂ ಕಟ್ಟಿಗೆ ಒಲೆ ಮೇಲೆ. ಮನೆ ಗ್ಯಾಸಿನ ಉರಿ ಅಗಲ ಹಂಚಿನ ನಡುವೆ ಮಾತ್ರ ಕಾಯಿಸುತ್ತದೆ, ಅಂಚು ಹಸಿ ಉಳಿಯುತ್ತದೆ. ಮನೆ ಮಂದಿಗೆಲ್ಲ ಎರಡು ಹೊತ್ತು ರೊಟ್ಟಿ ಬಡಿದರೆ ಸಿಲಿಂಡರ್ ಬೇಗ ಖಾಲಿ. ಅಂದರೆ ಈ ಹೆಂಗಸರು ಹೊಸದನ್ನು ಒದ್ದವರಲ್ಲ. ಯಾವುದು ಯಾವ ಕೆಲಸಕ್ಕೆ ಅಂತ ಆರಿಸಿಕೊಂಡವರು. ಹಾಗಿದ್ದಾಗ ಗಿರಣಿ ಒಪ್ಪಿದವರು ರೊಟ್ಟಿ ಮಷಿನ್ ಯಾಕೆ ಒಪ್ಪಲಿಲ್ಲ ಅನ್ನುವುದು ಕೇಳಬೇಕಾದ ಪ್ರಶ್ನೆ ಅಲ್ವಾ?

ಒತ್ತಾಯ ಮಾಡಿ ನೋಡಿದ್ದು

ಮೊದಲು ಮಾಡಿದ ಪ್ರಯತ್ನ ಇನ್ನೊಂದು ತರಬೇತಿ. ಅದೇ ಡ್ರಮ್ಮು, ಅದೇ ಮಾತು, ಅದೇ ಫಲ.

ಸಾಲದ ಕಂತು ಬಾಕಿ ಬಿದ್ದಾಗ ಒಕ್ಕೂಟ ಬಿಗಿ ಮಾಡಿತು. ಇನ್ನು ಮುಂದೆ ಸಂಘದ ಹೆಸರಲ್ಲಿ ಹೋಗುವ ಎಲ್ಲ ರೊಟ್ಟಿ ಮಷಿನ್‌ನಲ್ಲೇ ಆಗಬೇಕು, ಮನೆಯಲ್ಲಿ ಬಡಿದದ್ದು ಬೇಡ ಎಂದು ಠರಾವು ಆಯಿತು. ಎಲ್ಲರೂ ಸಹಿ ಹಾಕಿದರು. ಮಾರಾಟ ಏರಿತು. ಖಾನಾವಳಿಯವರು ಸುಮ್ಮನಾದರು. ವರದಿಯಲ್ಲಿ ಘಟಕ ಸುಧಾರಿಸಿತು ಎಂದು ಬರೆದೂ ಆಯಿತು.

ಲೆಕ್ಕದ ಪುಸ್ತಕ ತಿರುವಿ ಹಾಕುವಾಗ ಒಂದು ಸಾಲಿನ ಹತ್ತಿರ ನನ್ನ ಕಣ್ಣು ನಿಂತಿತು. ಮಷಿನ್‌ಗೆ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಬೇಕು. ರೊಟ್ಟಿ ಮಾರಾಟ ದುಪ್ಪಟ್ಟಾದ ತಿಂಗಳಲ್ಲಿ ಹೊಸ ಸಿಲಿಂಡರ್ ತಂದ ಖರ್ಚೇ ಇರಲಿಲ್ಲ. ಹಿಂದಿನ ತಿಂಗಳೂ ಇಲ್ಲ. ಶೆಡ್ಡಿಗೆ ಹೋಗಿ ನೋಡಿದೆ. ಸಿಲಿಂಡರಿನ ಸೀಲು ಹಾಗೇ ಇತ್ತು. ಹೆಂಗಸರು ಬೆಳಗಿನ ಜಾವ ಮನೆಯಲ್ಲಿ ಕೈಯಿಂದ ಬಡಿದು, ಶೆಡ್ಡಿಗೆ ತಂದು, ಅಲ್ಲಿ ಕಟ್ಟು ಕಟ್ಟಿ ಕಳಿಸುತ್ತಿದ್ದರು.

ಇದನ್ನು ಮೋಸ ಅನ್ನಬಹುದಿತ್ತು. ಹಾಗೆ ಬೈಯಲು ಒಬ್ಬರು ಸಿದ್ಧವಾಗಿಯೂ ಇದ್ದರು. ನನಗೆ ಅದು ಬಹಳ ಸ್ಪಷ್ಟವಾದ ಉತ್ತರ ಅನ್ನಿಸಿತು. ಇಷ್ಟು ಕಷ್ಟಪಟ್ಟು, ಇಷ್ಟು ಗುಟ್ಟಾಗಿ ಯಾರಾದರೂ ರಟ್ಟೆ ನೋಯಿಸಿಕೊಳ್ಳುತ್ತಾರೆ ಅಂದರೆ, ಆ ಕೆಲಸದಲ್ಲಿ ಅವರಿಗೆ ಬಿಡಲಾಗದ್ದು ಏನೋ ಇದೆ. ಒಕ್ಕೂಟದ ಅಧ್ಯಕ್ಷೆಗೂ ಹಾಗೇ ಹೇಳಿದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, ದಂಡ ಹಾಕುವ ಮಾತನ್ನು ಕೈಬಿಟ್ಟರು. ಈ ಪ್ರಕರಣದ ಮೊದಲ ತಿರುವು ಇದು. ಅವತ್ತು ದಂಡ ಹಾಕಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಮಷಿನ್ ಬಂದಾಗ ಯಾರಿಗೆ ಖುಷಿ ಆಯಿತು?

ಸಭೆಯಲ್ಲಿ ಯಾಕೆ ಬಳಸುತ್ತಿಲ್ಲ ಎಂದು ಕೇಳುವುದನ್ನು ಬಿಟ್ಟೆವು. ಬದಲಿಗೆ ಒಬ್ಬೊಬ್ಬರ ಮನೆಗೆ ಹೋಗಿ, ಮಷಿನ್ ಬಂದ ದಿನ ನಿಮಗೆ ಹೇಗನ್ನಿಸಿತು ಎಂದು ಕೇಳಿದೆವು.

ಹಿರಿಯಕ್ಕನ ಉತ್ತರ ನೇರವಾಗಿತ್ತು. ಅವರ ರೊಟ್ಟಿ ಸುತ್ತ ನಾಲ್ಕು ಊರಿಗೆ ಗೊತ್ತು. ಹಾಳೆಯಂಥ ತೆಳುವು, ಎಲ್ಲಿಯೂ ತೂತಿಲ್ಲ. ಮದುವೆಗೆ ವಾರ ಮೊದಲೇ ಓಣಿಯ ಹೆಂಗಸರು ಕೂಡಿ ಖಡಕ್ ರೊಟ್ಟಿ ಮಾಡುತ್ತಾರಲ್ಲ, ಅಲ್ಲಿ ಮೊದಲ ಕರೆ ಅವರಿಗೆ. ಜಾತ್ರೆಗೆ ಮಠದ ದಾಸೋಹಕ್ಕೆ ರೊಟ್ಟಿ ಕೊಡುವಾಗಲೂ ಅವರೇ ಮುಂದೆ. ಗಂಡ ತೀರಿಕೊಂಡು, ಹೊಲ ಮೈದುನರ ಪಾಲಾದ ಮೇಲೆ ಊರಲ್ಲಿ ಅವರಿಗೆ ಉಳಿದ ಮರ್ಯಾದೆ ಈ ಕೈಯದು. "ಮಷಿನ್ ಗುಂಡಿ ಒತ್ತೋದು ಸಣ್ಣ ಹುಡುಗಿ ಬಿ ಒತ್ತತಾಳ. ಆಗ ನನ್ನ ಯಾರ ಕರೀತಾರ್ರಿ?" ಎಂದರು. ಗಿರಣಿಗೂ ಮಷಿನ್‌ಗೂ ಇರುವ ವ್ಯತ್ಯಾಸ ನನಗೆ ಆಗ ತಿಳಿಯಿತು. ಬೀಸಿದ ಹಿಟ್ಟಿಗೆ ಯಾರ ಹೆಸರೂ ಅಂಟುವುದಿಲ್ಲ. ರೊಟ್ಟಿಗೆ ಬಡಿದವಳ ಹೆಸರಿರುತ್ತದೆ.

ಅವರ ಇನ್ನೊಂದು ಮಾತೂ ತೂಕದ್ದೇ. ದಾಸೋಹದ ರೊಟ್ಟಿ ಸೇವೆ. ಬಸವಣ್ಣನವರ ಕಲ್ಯಾಣ ಇರುವ ಸೀಮೆ ಇದು. ಕಾಯಕ, ದಾಸೋಹ ಅನ್ನುವವು ಇಲ್ಲಿ ಪುಸ್ತಕದ ಮಾತಲ್ಲ. ಕೈ ಸವೆಸದೆ ಕೊಟ್ಟರೆ ಅದು ಕೊಟ್ಟ ಹಾಗಾಯಿತೇ ಎಂದು ಅವರು ಕೇಳಿದರೆ ಅದಕ್ಕೆ ಉತ್ಪಾದನೆಯ ಲೆಕ್ಕದಲ್ಲಿ ಉತ್ತರ ಇಲ್ಲ.

ಎರಡನೇ ತಿರುವು ಬಂದದ್ದು ದಲಿತ ಕೇರಿಯ ಮನೆಯೊಂದರಲ್ಲಿ. ಸಂಘದಲ್ಲಿ ಆ ಕೇರಿಯವರು ಮೂವರು. ಮೂವರಲ್ಲಿ ಚಿಕ್ಕವಳು, ಹತ್ತನೇ ತರಗತಿ ಓದಿದವಳು, ನನ್ನನ್ನು ಕೂರಿಸಿ ಚಹಾ ಕೊಟ್ಟು ಹೇಳಿದ್ದು: "ಯಕ್ಕಾ, ನನಗ ಖುಷಿ ಆಗಿತ್ತು. ನಾ ಬಡದ ರೊಟ್ಟಿ ಯಾರ ಮದುವಿಗಿ ಹೋಗ್ತದ ಹೇಳ್ರಿ? ಮಷಿನ್ ರೊಟ್ಟಿಗಿ ಕೈ ಯಾರದಂತ ಯಾರೂ ಕೇಳಂಗಿಲ್ಲ."

ಹಳೆಯ ಲೆಕ್ಕ ತೆಗೆದು ನೋಡಿದರೆ ಎಲ್ಲ ಅಲ್ಲೇ ಇತ್ತು. ರೊಟ್ಟಿ ಬಡಿದ ಕೂಲಿ ಒಂಬತ್ತು ಹೆಸರಿಗೆ. ಕಟ್ಟಿಗೆ ತಂದದ್ದು, ಜೋಳ ಹಸನು ಮಾಡಿದ್ದು, ಕಟ್ಟು ಹೊತ್ತು ಬಸ್ಸಿಗೆ ಹಾಕಿದ್ದು ಉಳಿದ ಮೂವರಿಗೆ. ಕೂಲಿಯೂ ಕಡಿಮೆ. ಹೀಗೇ ಮಾಡಬೇಕು ಎಂದು ಯಾರೂ ಠರಾವು ಮಾಡಿರಲಿಲ್ಲ. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೇ ಬೀಳದಷ್ಟು ಅದು ಎಲ್ಲರಿಗೂ ಗೊತ್ತಿತ್ತು. ಮಷಿನ್ ನಿಂತಾಗ ಹೆಚ್ಚು ಕಳೆದುಕೊಂಡವರು ಈ ಮೂವರು. ಅವರು ಸಭೆಯಲ್ಲಿ ಒಂದು ಮಾತೂ ಆಡಿರಲಿಲ್ಲ.

ದಕ್ಷಿಣ ಅಮೆರಿಕದ ಪೆರು ದೇಶದ ಲಾಸ್ ಮೊಲಿನೋಸ್ ಎಂಬ ಹಳ್ಳಿಯ ಪ್ರಕರಣ ನನಗೆ ಇಲ್ಲಿ ನೆನಪಾಗುತ್ತದೆ. ಹೊಸ ವಿಚಾರ ಜನರಲ್ಲಿ ಹೇಗೆ ಹರಡುತ್ತದೆ ಎಂದು ಓದುವವರಿಗೆಲ್ಲ ಇದು ಪರಿಚಯ. ಅಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬಳು ನೀರು ಕುದಿಸಿ ಕುಡಿಯಿರಿ ಎಂದು ಎರಡು ವರ್ಷ ಮನೆಮನೆ ತಿರುಗಿದಳು. 200 ಮನೆಗಳಲ್ಲಿ ಒಪ್ಪಿದ್ದು 11. ಕುದಿಸಿದ ನೀರು ರೋಗಿಗಳಿಗೆ ಎಂಬ ನಂಬಿಕೆ ಅಲ್ಲಿತ್ತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ಒಪ್ಪಿದವರು ಯಾರು? ಒಬ್ಬಳು ಮೊದಲೇ ಕಾಯಿಲೆಯವಳು ಎನಿಸಿಕೊಂಡಿದ್ದಳು. ಇನ್ನೊಬ್ಬಳು ಬೇರೆ ಕಡೆಯಿಂದ ವಲಸೆ ಬಂದು, ಊರವರ ಸಾಲಿನಲ್ಲಿ ಸೇರದೆ ಉಳಿದವಳು. ಊರವರು ಏನಂದುಕೊಂಡರೂ ಅವಳಿಗೆ ಕಳೆದುಕೊಳ್ಳಲು ಹೆಚ್ಚೇನೂ ಇರಲಿಲ್ಲ. ನಮ್ಮ ಸಂಘದಲ್ಲೂ ಹೊಸದಕ್ಕೆ ಮೊದಲು ಕೈ ಚಾಚಿದ್ದು ಹಳೆಯದರಲ್ಲಿ ಪಾಲು ಸಿಗದವರೇ.

ಸಂಸ್ಕೃತಿ ಅಡ್ಡ ಬಂತು ಎಂದು ಒಂದೇ ಉಸಿರಲ್ಲಿ ಹೇಳಿಬಿಡುವುದು ನನಗೆ ಸರಿಕಾಣದಿರುವುದು ಇದಕ್ಕೇ. ಅದೇ ರೊಟ್ಟಿ ಹಿರಿಯಕ್ಕನಿಗೆ ಮರ್ಯಾದೆ ಕೊಟ್ಟಿತ್ತು, ಈ ಹುಡುಗಿಯನ್ನು ಹೊರಗಿಟ್ಟಿತ್ತು. ಊರಿಗೆಲ್ಲ ಒಂದೇ ಸಂಸ್ಕೃತಿ ಎಂದುಕೊಂಡು ಹೋದವರಿಗೆ ಈ ಎರಡೂ ಒಟ್ಟಿಗೆ ಕಾಣುವುದಿಲ್ಲ.

ಹದ ಯಾರ ಕೈಯಲ್ಲಿ

ಮುಂದಿನ ಸಭೆಯಲ್ಲಿ ಮೊದಲು ತೀರ್ಮಾನವಾದದ್ದು ಯಾವ ರೊಟ್ಟಿ ಯಾವುದಕ್ಕೆ ಎಂದು. ದಾಸೋಹದ್ದು ಕೈಯಿಂದಲೇ, ಅದು ಮಾರಾಟದ ಲೆಕ್ಕಕ್ಕೆ ಬರುವುದಿಲ್ಲ. ಖಾನಾವಳಿ ಮತ್ತು ಹೊರಊರಿನ ಆರ್ಡರ್ ಮಷಿನ್‌ನಲ್ಲಿ. ಯಾರಾದರೂ ಕೈರೊಟ್ಟಿಯೇ ಬೇಕು ಎಂದರೆ ಅದಕ್ಕೆ ಬೇರೆ ದರ. ದಾಸೋಹದ ಮಾತು ಬಗೆಹರಿದದ್ದೇ ಹಿರಿಯಕ್ಕನ ಮುಖ ಸಡಿಲಾಯಿತು. ಒಂದು ಶರತ್ತು ಹಾಕಿ ಒಪ್ಪಿದರು. ಹಿಟ್ಟಿನ ಹದ ನಾನು ನೋಡುತ್ತೇನೆ, ನಾನು ಹೂಂ ಅನ್ನುವವರೆಗೆ ಮಷಿನ್ ಚಾಲೂ ಆಗಬಾರದು.

ಮರುದಿನ ಶೆಡ್ಡಿನಲ್ಲಿ ಅವರು ಮಾಡಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಡ್ರಮ್ಮಿನಿಂದ ನಿಂಬೆಹಣ್ಣಿನಷ್ಟು ಹಿಟ್ಟು ತೆಗೆದರು. ಅಂಗೈಯಲ್ಲಿ ಉರುಳಿಸಿ, ಹೆಬ್ಬೆರಳಿಂದ ನಡುವೆ ಒತ್ತಿದರು. ಅಂಚು ಬಿರುಕು ಬಿಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅದೇ ಡ್ರಮ್ಮಿನಿಂದ ಇನ್ನೊಂದು ಉಂಡೆ ತೆಗೆದು ಒತ್ತಿದರು. ಬಿರುಕು ಬಿಟ್ಟಿತು. "ಆರಿಬಿಟ್ಟದ" ಎಂದರು. ಅಷ್ಟೇ. ತಿಂಗಳುಗಟ್ಟಲೆ ಕಾಡಿದ ತೊಂದರೆ ಅದು. ಡ್ರಮ್ಮು ತುಂಬ ಒಮ್ಮೆಲೇ ಕಲಸಿದರೆ ಅರ್ಧ ಹಿಟ್ಟು ಮಷಿನ್‌ಗೆ ಹೋಗುವಷ್ಟರಲ್ಲಿ ಉಳಿದದ್ದು ತಣ್ಣಗಾಗಿ ಜಿಗಿ ಕಳೆದುಕೊಳ್ಳುತ್ತಿತ್ತು. ಕತ್ತರಿಸಿ ಉಳಿದ ಅಂಚಿನ ಹಿಟ್ಟನ್ನು ಮತ್ತೆ ಅದಕ್ಕೇ ಸೇರಿಸುತ್ತಿದ್ದರಿಂದ ಇನ್ನಷ್ಟು ಒಣಗುತ್ತಿತ್ತು. ಗೋಧಿ ಸೇರಿಸುವ ಸಲಹೆ ಇದನ್ನು ಮುಚ್ಚಿಹಾಕುತ್ತಿತ್ತು ಅಷ್ಟೇ.

ಆಮೇಲೆ ಕ್ರಮ ಬದಲಾಯಿತು. ಪಕ್ಕದ ಒಲೆ ಮೇಲೆ ಎಸರು ಸದಾ ಕುದಿಯುತ್ತಿರಬೇಕು. ಡ್ರಮ್ಮಿಗೆ ಕಾಲು ಭಾಗ ಮಾತ್ರ ಹಿಟ್ಟು, ಮುಗಿದ ಮೇಲೆ ಮತ್ತೆ ಕಲಸುವುದು. ಅಂಚಿನ ಹಿಟ್ಟಿಗೆ ಬಿಸಿನೀರು ಚಿಮುಕಿಸಿ ನಾದಿದ ಮೇಲೆಯೇ ಸೇರಿಸುವುದು. ಅವತ್ತಿನ ಹಿಟ್ಟು ಅವತ್ತೇ ಬೀಸಿದ್ದು. ಪಟ್ಟಿಯಿಂದ ಇಳಿದ ರೊಟ್ಟಿಯನ್ನು ಹಂಚಿನ ಮೇಲೆ ಅರಿವೆಯಿಂದ ಒತ್ತಿ ಖಡಕ್ ಮಾಡುವುದು ಕೈಯಿಂದಲೇ. ಅಂದರೆ ಕೆಲಸದ ನಡುವಿನ ಭಾಗ ಮಷಿನ್‌ಗೆ, ಶುರು ಮತ್ತು ಕೊನೆ ಕೈಗೆ. ಮಷಿನ್ ಮಾರಿದವರ ಲೆಕ್ಕದಲ್ಲಿ ಇದು ಅರೆಬರೆ ಬಳಕೆ. ಖಾನಾವಳಿಯವರು ಈ ರೊಟ್ಟಿಯನ್ನು ಮಾತಿಲ್ಲದೆ ತೆಗೆದುಕೊಂಡರು.

ಮಷಿನ್ ನಡೆಸುವುದು, ಉರುಳೆ ಬಿಚ್ಚಿ ತೊಳೆಯುವುದು, ಗ್ಯಾಸಿನ ಉರಿ ಹಿಡಿತದಲ್ಲಿಡುವುದು ಆ ಕಿರಿಯವಳ ಕೈಗೆ ಬಂತು. ಅವಳ ಕೂಲಿ ಏರಿತು. ಇಲ್ಲಿ ಒಂದು ಅಪಾಯ ಇತ್ತು. ಹಿಟ್ಟು ಒಂದು ಜಾತಿಯ ಕೈಗೆ, ಕಬ್ಬಿಣ ಇನ್ನೊಂದು ಜಾತಿಯ ಕೈಗೆ ಎಂದು ಹಳೆಯ ಪಾಲೇ ಹೊಸ ರೂಪದಲ್ಲಿ ಗಟ್ಟಿಯಾಗುವುದು. ಸಂಘದ ಲೆಕ್ಕ ಬರೆಯುವಾಕೆ ಇದನ್ನು ಮೊದಲು ಎತ್ತಿದರು. ವಾರಕ್ಕೊಮ್ಮೆ ಎಲ್ಲರ ಕೆಲಸ ಬದಲಾಗಬೇಕು ಎಂದು ಪಟ್ಟು ಹಿಡಿದರು. ಬಹಳ ವಾದ ಆಯಿತು. ಕೊನೆಗೆ ಪಾಳಿ ಪಟ್ಟಿ ಗೋಡೆಗೆ ಬಂತು.

ಕಳೆದುಹೋದ ಮದುವೆ ಆರ್ಡರ್

ಪಾಳಿ ಶುರುವಾದ ಸುದ್ದಿ ಊರಲ್ಲಿ ಹಬ್ಬಿತು. ಒಂದು ದೊಡ್ಡ ಮನೆಯ ಮದುವೆಗೆ ರೊಟ್ಟಿ ಕೇಳಲು ಬಂದವರು, ಹಿಟ್ಟು ಯಾರು ನಾದುತ್ತಾರೆ ಎಂದು ವಿಚಾರಿಸಿದರು. ಸಂಘದ ಅಧ್ಯಕ್ಷೆ ಆ ಮನೆಗೆ ದೂರದ ನೆಂಟರೂ ಹೌದು. "ಸಂಘದ ರೊಟ್ಟಿ ಸಂಘ ಮಾಡ್ತದ್ರಿ ಮಾವಾ, ಹೆಸರ ಹೇಳಂಗಿಲ್ಲ" ಎಂದರು. ಆರ್ಡರ್ ಹೋಯಿತು. ಅದರ ಜೊತೆ ಒಬ್ಬ ಸದಸ್ಯೆಯೂ ಸಂಘ ಬಿಟ್ಟರು. ಮನೆಯವರ ಒತ್ತಡ.

ಆ ತಿಂಗಳ ಕಂತನ್ನು ಉಳಿದ ಸದಸ್ಯೆಯರು ತಮ್ಮ ಉಳಿತಾಯದಿಂದ ತೆಗೆದು ಕಟ್ಟಿದರು. ಅಧ್ಯಕ್ಷೆಯ ಆ ಉತ್ತರವನ್ನು ನಾನು ಈ ಪ್ರಕರಣದ ಅತಿ ದೊಡ್ಡ ತೀರ್ಮಾನ ಎಂದು ಎಣಿಸುತ್ತೇನೆ. ಮಷಿನ್ ತಾನಾಗಿ ಜಾತಿಯ ಪ್ರಶ್ನೆಯನ್ನು ಅಳಿಸಲಿಲ್ಲ. ಕೇಳಿದಾಗ ಉತ್ತರ ಕೊಡದೇ ಇರಲು ಒಂದು ನೆಪ ಕೊಟ್ಟಿತು. ಆ ನೆಪವನ್ನು ಬಳಸುವ ಧೈರ್ಯ ಮಾಡಿದ್ದು ಮನುಷ್ಯರು, ಅದಕ್ಕೆ ಬೆಲೆ ತೆತ್ತದ್ದೂ ಅವರೇ. ಊರೊಳಗಿನ ಮದುವೆ ಆರ್ಡರ್ ಇವತ್ತಿಗೂ ಮೊದಲಿನಷ್ಟು ಇಲ್ಲ. ಹೊರಗಿನ ಆರ್ಡರ್ ಅದನ್ನು ತುಂಬಿಕೊಟ್ಟಿದೆ. ಮಧ್ಯಾಹ್ನದ ಊಟಕ್ಕೆ ಶೆಡ್ಡಿನಲ್ಲಿ ಕೆಲವರು ಒಟ್ಟಿಗೆ ಕೂರುತ್ತಾರೆ, ಇಬ್ಬರು ಮನೆಗೆ ಹೋಗಿ ಉಂಡು ಬರುತ್ತಾರೆ.

ಬೇರೆ ಘಟಕಗಳಿಗೆ ಇದರಲ್ಲಿ ಏನಿದೆ

1983ರಲ್ಲಿ ಶುರುವಾದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮದಲ್ಲಿ ದೇಶದ ತುಂಬ ಕೋಟಿಗಟ್ಟಲೆ ಹೊಗೆರಹಿತ ಒಲೆ ಹಾಕಿದರು. ಬಹಳಷ್ಟು ಒಲೆಗಳು ಕೆಲವೇ ವರ್ಷಕ್ಕೆ ಬಳಕೆ ತಪ್ಪಿದವು. ಎಷ್ಟು ಒಲೆ ಹಾಕಿದೆವು ಎಂದು ಎಣಿಸಿದಷ್ಟು, ಅದರ ಮೇಲೆ ಏನು ಬೇಯುತ್ತಿದೆ ಎಂದು ನೋಡಲಿಲ್ಲ. ನಮ್ಮ ಸಂಘದ ವರದಿಯೂ ಹಾಗೇ ಇತ್ತು. ಮಾರಾಟ ನೋಡಿ ಮಷಿನ್ ನಡೆಯುತ್ತಿದೆ ಎಂದುಕೊಂಡರು. ಘಟಕ ನೋಡಲು ಹೋಗುವವರು ಸಿಲಿಂಡರಿನ ಖರ್ಚು, ಕರೆಂಟ್ ಬಿಲ್ಲು, ಕೂಲಿ ಯಾರ ಹೆಸರಿಗೆ ಎಷ್ಟು ಎಂಬ ಸಾಲು ಮೊದಲು ನೋಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ನಿಜ ಅಲ್ಲಿರುತ್ತದೆ.

ಮಷಿನ್ ಬರುವ ಮೊದಲೇ ಕೇಳಬೇಕಾದ ಪ್ರಶ್ನೆಯೂ ಇದೆ. ಈ ಕೆಲಸದಿಂದ ಈಗ ಯಾರಿಗೆ ಹೆಸರು ಬರುತ್ತಿದೆ, ಯಾರಿಗೆ ಬರುತ್ತಿಲ್ಲ? ಹೆಸರಿದ್ದವರಿಗೆ ಹೊಸ ವ್ಯವಸ್ಥೆಯಲ್ಲಿ ಅಷ್ಟೇ ತೂಕದ ಜಾಗ ಬೇಕು. ಸಮಾಧಾನಕ್ಕೆಂದು ಕೊಟ್ಟ ಜಾಗ ಸಾಲದು. ಹಿರಿಯಕ್ಕನಿಗೆ ಹದ ನೋಡುವ ಅಧಿಕಾರ ಕೊಟ್ಟದ್ದು ಫಲಿಸಿದ್ದು ಆ ಅಧಿಕಾರ ನಿಜವಾಗಿದ್ದರಿಂದ, ಅವರ ಬೆರಳಿಗೆ ಗೊತ್ತಿದ್ದದ್ದು ಮೆಕ್ಯಾನಿಕ್‌ಗೆ ಗೊತ್ತಿಲ್ಲದ್ದರಿಂದ. ಹೆಸರಿಲ್ಲದವರ ಮಾತು ಸಭೆಯಲ್ಲಿ ಸಿಗುವುದಿಲ್ಲ, ಅವರ ಮನೆಗೇ ಹೋಗಬೇಕು.

ಹೋದ ಸಲ ಇನ್ನೂ ದೊಡ್ಡ ಮಷಿನ್ ತೋರಿಸಲು ಒಬ್ಬರು ಬಂದಿದ್ದರು. ಹೆಂಗಸರು ಚಹಾ ಕೊಟ್ಟು ಕಳಿಸಿದರು. ಹಿಟ್ಟು ಹಳೆಯದಾಗುವುದೇ ಈಗ ದೊಡ್ಡ ತೊಂದರೆ, ಊರ ಗಿರಣಿ ಬೆಳಿಗ್ಗೆ ತಡವಾಗಿ ತೆರೆಯುತ್ತದೆ ಎಂಬುದು ಅವರ ಲೆಕ್ಕ. ಶೆಡ್ಡಿನಲ್ಲೇ ಒಂದು ಸಣ್ಣ ಗಿರಣಿ ಹಾಕಲು ಅರ್ಜಿ ಬರೆದಿದ್ದಾರೆ. ಯಾವ ಕಲ್ಲಿನ ಗಿರಣಿ, ಹಿಟ್ಟು ಎಷ್ಟು ಸಣ್ಣ ಬರಬೇಕು ಎಂದು ಅರ್ಜಿಯಲ್ಲೇ ಬರೆಸಿದ್ದು ಹಿರಿಯಕ್ಕ. ಬ್ಯಾಂಕಿಗೆ ಹೋಗಿ ಕೊಟ್ಟು ಬಂದದ್ದು ಆ ಕಿರಿಯವಳು ಮತ್ತು ಅಧ್ಯಕ್ಷೆ.